ಹಿಂಸಿಸುವ ತಂದೆಯ ಮಾನಸಾಂತರ: ಪಾಲನಾಸೇವೆಗೆ ಕೆಲವು ವಿಚಾರಗಳು

ರಾತ್ರಿ ಹತ್ತರ ನಂತರ ಪಾರ್ಸನೇಜಿನ ಬಾಗಿಲು ತಟ್ಟುವವರು ಸಾಮಾನ್ಯವಾಗಿ ಎರಡು ಬಗೆಯವರು. ಮನೆಯಲ್ಲಿ ಸಾವು ಸಂಭವಿಸಿದವರು ಒಂದು ಬಗೆ. ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕರೆದುಕೊಂಡು ಹೊರಬಿದ್ದ ಸ್ತ್ರೀಯರು ಇನ್ನೊಂದು ಬಗೆ. ಮೊದಲನೆಯವರಿಗೆ ಏನು ಮಾಡಬೇಕೆಂಬುದನ್ನು ಸೆಮಿನರಿಯಲ್ಲಿ ಕಲಿತಿದ್ದೆವು. ಕೈಯಲ್ಲಿ ಆರಾಧನಾ ಕ್ರಮದ ಪುಸ್ತಕವೂ ಇತ್ತು. ಎರಡನೆಯವರ ವಿಷಯದಲ್ಲಿ ನಮ್ಮ ಹಿರಿಯರು ಮಾಡುತ್ತಿದ್ದುದನ್ನೇ ನಾವೂ ಮಾಡಿದೆವು.

ನಮ್ಮ ಮೊದಲ ಸಭೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕಾಗಿದೆ. ಹಾಗೆ ಬಂದ ಒಬ್ಬ ಸಹೋದರಿಯನ್ನು ಆ ರಾತ್ರಿ ಮನೆಯಲ್ಲಿ ಉಳಿಸಿಕೊಂಡು, ಮರುದಿನ ಆಕೆಯ ಗಂಡನನ್ನು ವೆಸ್ಟ್ರಿಗೆ ಕರೆಸಿದೆವು. ಆತನು ಮೊಣಕಾಲೂರಿ ಅತ್ತನು. ನಾವು ಇಬ್ಬರ ಕೈಗಳನ್ನೂ ಜೋಡಿಸಿ ಪ್ರಾರ್ಥಿಸಿ ಮನೆಗೆ ಕಳುಹಿಸಿದೆವು. ಇದೇ ಕ್ರಮ ಮೂರು ಸಲ ನಡೆಯಿತು. ಆಮೇಲೆ ಆಕೆ ಬರಲಿಲ್ಲ. ಕುಟುಂಬವು ಒಂದಾಯಿತೆಂದು ನಾವು ದೇವರಿಗೆ ಸ್ತೋತ್ರ ಸಲ್ಲಿಸಿದೆವು. ಒಂದು ವರ್ಷ ಕಳೆದ ಮೇಲೆ, ಭಾನುವಾರದ ಶಾಲೆಯಲ್ಲಿ ಶಿಕ್ಷಕಿಯು ಮಕ್ಕಳನ್ನು ಯಾವುದಕ್ಕಾಗಿ ಪ್ರಾರ್ಥಿಸೋಣವೆಂದು ಕೇಳಿದಾಗ, ಆ ಮನೆಯ ಎಂಟು ವರ್ಷದ ಹುಡುಗಿ, "ಅಪ್ಪ ಬರೋ ಹೊತ್ತಿಗೆ ನಮಗೆಲ್ಲ ನಿದ್ದೆ ಬಂದಿರಲಿ ಟೀಚರ್" ಎಂದಳು. ಅಮ್ಮ ಅಯ್ಯನವರ ಹತ್ತಿರ ಹೇಳಲಿಲ್ಲವೇ ಎಂದು ಆಕೆ ಮೆಲ್ಲಗೆ ವಿಚಾರಿಸಿದ್ದಕ್ಕೆ ಮಗು ಕೊಟ್ಟ ಉತ್ತರ ಇದು: "ಅಯ್ಯನವರು ತಿರುಗಿ ಮನೆಗೇ ಕಳಿಸ್ತಾರಲ್ಲ."

ಆ ಮೂರು ಸಲವೂ ನಾವು ಆ ಮನುಷ್ಯನ ಕಣ್ಣೀರನ್ನು ನೋಡಿ ಮಾನಸಾಂತರವಾಯಿತೆಂದು ತೀರ್ಮಾನಿಸಿದ್ದೆವು. ಆತನ ಹೆಂಡತಿಯನ್ನಾಗಲಿ ಮಕ್ಕಳನ್ನಾಗಲಿ ಪ್ರತ್ಯೇಕವಾಗಿ ಒಮ್ಮೆಯೂ ಕೇಳಿರಲಿಲ್ಲ. ಹಿಂಸಿಸುವ ತಂದೆಯು ಬದಲಾಗಲು ಸಭೆಯು ಹೇಗೆ ನೆರವಾಗಬಹುದು, ಬದಲಾದನೆಂಬುದನ್ನು ಯಾರ ಸಾಕ್ಷ್ಯದಿಂದ ತಿಳಿಯಬೇಕು ಎಂಬ ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ನಮ್ಮ ಮನೆಗಳು

ಇದು ಎಲ್ಲೋ ಒಂದೆರಡು ಕುಟುಂಬಗಳ ವಿಷಯವೆಂದು ಭಾವಿಸುವಂತಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಸ್ತ್ರೀಯರಲ್ಲಿ ಸುಮಾರು ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದವರು. ಇಡೀ ದೇಶದ ಪ್ರಮಾಣ ಸುಮಾರು ಶೇ. 29. ಈ ಲೆಕ್ಕದಿಂದ ನಮ್ಮ ಪೀಠಗಳ ಮುಂದೆ ಕುಳಿತುಕೊಳ್ಳುವವರನ್ನು ಹೊರಗಿಡಲು ಯಾವ ಕಾರಣವೂ ಇಲ್ಲ.

ಕ್ರೈಸ್ತ ಸ್ತ್ರೀಗೆ ಇನ್ನೊಂದು ಹೊರೆಯೂ ಇತ್ತು. 1869ರ ವಿವಾಹ ವಿಚ್ಛೇದನ ಕಾಯ್ದೆಯ ಮೇರೆಗೆ ಗಂಡನು ವ್ಯಭಿಚಾರವೊಂದನ್ನೇ ಕಾರಣವಾಗಿ ತೋರಿಸಿ ವಿಚ್ಛೇದನ ಪಡೆಯಬಹುದಾಗಿತ್ತು. ಹೆಂಡತಿಗಾದರೋ ಬರೀ ಕ್ರೌರ್ಯವು ಸಾಕಾಗುತ್ತಿರಲಿಲ್ಲ. ಕ್ರೌರ್ಯದ ಜೊತೆಗೆ ವ್ಯಭಿಚಾರವನ್ನೂ ರುಜುವಾತುಪಡಿಸಬೇಕಾಗಿತ್ತು. 1995ರಲ್ಲಿ ಕೇರಳ ಹೈಕೋರ್ಟ್ ಈ ತಾರತಮ್ಯವನ್ನು ತಳ್ಳಿಹಾಕಿತು. ಸಂಸತ್ತು ಕಾಯ್ದೆಯನ್ನು ತಿದ್ದಿದ್ದು 2001ರಲ್ಲಿ. ನೂರಮೂವತ್ತು ವರ್ಷಕ್ಕೂ ಮಿಕ್ಕಿದ ಆ ಕಾಲದಲ್ಲಿ ಬೆಳೆದ "ಸಹಿಸಿಕೊಂಡು ಹೋಗಮ್ಮ" ಎಂಬ ಬುದ್ಧಿಮಾತು ಕಾನೂನು ಬದಲಾದೊಡನೆ ನಮ್ಮ ನಾಲಿಗೆಯಿಂದ ಹೋಗಲಿಲ್ಲ.

ಕೋಪವೋ ಅಧಿಕಾರವೋ

"ಪಾಸ್ಟರ್, ನನಗೆ ಕೋಪ ಬಂದುಬಿಡುತ್ತದೆ" ಎಂಬುದು ಇಂಥ ತಂದೆಯಿಂದ ನಾವು ಕೇಳುವ ಮೊದಲ ಮಾತು. ನಮ್ಮ ಭಾಷೆಯಲ್ಲಿ ಕೋಪವು ಎಲ್ಲಿಂದಲೋ ಬರುತ್ತದೆ, ಏರುತ್ತದೆ, ಹಿಡಿಯುತ್ತದೆ. ಮನುಷ್ಯನು ಸುಮ್ಮನೆ ಅದಕ್ಕೆ ಒಳಗಾಗುತ್ತಾನೆ. ಮುಂದಿನ ವಾಕ್ಯಗಳೂ ಹಾಗೆಯೇ: "ಕೈ ಮುಂದಾಯಿತು", "ಒಂದೇಟು ಬಿತ್ತು", "ಮಗು ಅಡ್ಡ ಬಂತು". ಕ್ರಿಯೆಗಳೆಲ್ಲ ನಡೆದುಹೋಗಿವೆ, ಕರ್ತೃ ಮಾತ್ರ ಕಾಣೆ. ಕೆಲವೊಮ್ಮೆ ಕರ್ತೃ ಕಾಣಿಸಿಕೊಂಡರೂ "ಬುದ್ಧಿ ಕಲಿಸಿದೆ" ಎಂದು ಗುರುವಿನ ವೇಷದಲ್ಲಿ ಕಾಣಿಸಿಕೊಳ್ಳುತ್ತಾನೆ. ವ್ಯಾಕರಣದ ಈ ಮರೆಯನ್ನು ಸರಿಸುವುದೇ ನಮ್ಮ ಮೊದಲ ಕೆಲಸವೆಂದು ಇತ್ತೀಚಿನ ವರ್ಷಗಳಲ್ಲಿ ನಮಗೆ ತೋರುತ್ತಿದೆ. "ನಾನು ಹೊಡೆದೆನು. ಮಗಳು ನೋಡುತ್ತಿದ್ದಳು. ನಿಲ್ಲಿಸಬಹುದಾಗಿತ್ತು, ನಿಲ್ಲಿಸಲಿಲ್ಲ" ಎಂಬಷ್ಟನ್ನು "ಆದರೆ" ಎಂಬ ಪದವಿಲ್ಲದೆ ಹೇಳಲು ಒಬ್ಬ ಸಹೋದರನಿಗೆ ಏಳು ವಾರ ಹಿಡಿಯಿತು.

ಕೋಪವೇ ಕಾರಣವಾಗಿದ್ದರೆ ಆತನು ಮೇಲಧಿಕಾರಿಯ ಮೇಲೂ ಕೈಮಾಡಬೇಕಾಗಿತ್ತು. ಹಾಗಾಗುವುದಿಲ್ಲ. ಕಚೇರಿಯಲ್ಲಿ ದಿನವಿಡೀ ಅವಮಾನವನ್ನು ನುಂಗಿಕೊಂಡವನು ಮನೆಯ ಹೊಸ್ತಿಲು ದಾಟಿದ ಮೇಲೆ ಮಾತ್ರ ಕೋಪವನ್ನು ತಡೆಯಲಾರದವನಾಗುತ್ತಾನೆ. ಕದ ಮುಚ್ಚಿಕೊಂಡ ಮೇಲೆ ಹೊಡೆಯುವವನು, ಗುರುತು ಕಾಣದ ಕಡೆ ಹೊಡೆಯುವವನು, ಸಭಾಪಾಲಕರು ಬಂದೊಡನೆ ಶಾಂತನಾಗಿ ಕುರ್ಚಿ ಹಾಕುವವನು ತನ್ನ ಕೈಯನ್ನು ತಾನೇ ಆಳುತ್ತಿದ್ದಾನೆ. ಆದ್ದರಿಂದ ಕೋಪವನ್ನು ನಿಗ್ರಹಿಸುವ ಉಪಾಯಗಳನ್ನು ಕಲಿಸಿ ಕಳುಹಿಸಿದರೆ ರೋಗದ ಬೇರನ್ನು ಮುಟ್ಟಿದಂತಾಗುವುದಿಲ್ಲ. ಮನೆಯು ತನ್ನದು, ಮನೆಯವರು ತನ್ನವರು, ಆದ್ದರಿಂದ ಅವರು ತನ್ನ ಇಷ್ಟದಂತೆ ಇರತಕ್ಕದ್ದು ಎಂಬ ಹಕ್ಕಿನ ಭಾವನೆ ಆ ಬೇರು.

ಕುಡಿತದ ಬಗ್ಗೆಯೂ ಒಂದು ಮಾತು. ಕುಡಿತವು ಹಿಂಸೆಯನ್ನು ಹೆಚ್ಚಿಸುತ್ತದೆ, ನಿಜ. ಮದ್ಯವ್ಯಸನಕ್ಕೆ ಚಿಕಿತ್ಸೆ ಕೊಡಿಸಲೇಬೇಕು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ವಿಭಾಗವಿದೆ. ಆದರೆ ಒಂದು ತೊಟ್ಟನ್ನೂ ಮುಟ್ಟದ, ಬೆಳಿಗ್ಗೆ ಕುಟುಂಬ ಪ್ರಾರ್ಥನೆಯನ್ನು ತಪ್ಪಿಸದ ತಂದೆಯ ಮನೆಯಲ್ಲೂ ಹಿಂಸೆಯನ್ನು ಕಂಡಿದ್ದೇವೆ. ಕುಡಿತ ಬಿಟ್ಟ ಮೇಲೂ ಹೊಡೆತ ಬಿಡದವರನ್ನೂ ಕಂಡಿದ್ದೇವೆ.

ಬಲಿಪೀಠದ ಮೇಲಿನ ಕಣ್ಣೀರು

ಮಲಾಕಿಯನ ಎರಡನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ವಿಚ್ಛೇದನದ ವಿರುದ್ಧ ಉಪಯೋಗಿಸುತ್ತೇವೆ. ಹದಿನಾರನೆಯ ವಚನದ ಮೊದಲ ಭಾಗವು ಎಲ್ಲರಿಗೂ ಬಾಯಿಪಾಠ. ಅದೇ ವಚನದ ಮುಂದಿನ ಭಾಗದಲ್ಲಿ ತನ್ನ ವಸ್ತ್ರವನ್ನು ಹಿಂಸೆಯಿಂದ ಹೊದಿಸಿಕೊಳ್ಳುವವನ ಮಾತು ಬರುತ್ತದೆ. ಅಲ್ಲಿರುವ ಇಬ್ರಿಯ ಪದ "ಹಾಮಾಸ್". ನೋಹನ ಕಾಲದಲ್ಲಿ ಭೂಮಿಯು ಯಾವುದರಿಂದ ತುಂಬಿಹೋಗಿತ್ತೆಂದು ಆದಿಕಾಂಡ (6:11) ಹೇಳುತ್ತದೆಯೋ ಅದೇ ಪದ. ಈ ವಚನದ ಇಬ್ರಿಯ ಪಾಠವು ಕಠಿಣವಾದದ್ದು, ಭಾಷಾಂತರಗಳು ಒಂದರಂತೆ ಒಂದಿಲ್ಲ. ಹಾಗಿದ್ದರೂ ಹಿಂಸೆಯ ಮಾತು ಅಲ್ಲಿದೆ ಎಂಬುದರಲ್ಲಿ ಸಂಶಯವಿಲ್ಲ. ಅರ್ಧ ವಚನವನ್ನು ಓದಿ ಹೆಂಡತಿಯನ್ನು ಮನೆಗೆ ಕಳುಹಿಸುವವರು ಉಳಿದರ್ಧವನ್ನು ಗಂಡನಿಗೆ ಓದುವ ಹೊಣೆಯನ್ನೂ ಹೊರಬೇಕಾಗಿತ್ತು.

ಇನ್ನೂ ಮುಖ್ಯವಾದದ್ದು ಹದಿಮೂರನೆಯ ವಚನ. ಜನರು ಕರ್ತನ ಬಲಿಪೀಠವನ್ನು ಕಣ್ಣೀರಿನಿಂದ ತೋಯಿಸುತ್ತಾರೆ, ಗೋಳಾಡುತ್ತಾರೆ. ದೇವರಾದರೋ ಅವರ ಕಾಣಿಕೆಯನ್ನು ಕಣ್ಣೆತ್ತಿ ನೋಡುವುದಿಲ್ಲ. ಏಕೆಂದು ಅವರು ಕೇಳಿದಾಗ ಪ್ರವಾದಿಯು ಕೊಡುವ ಕಾರಣವು ದೇವಾಲಯಕ್ಕೆ ಸಂಬಂಧಿಸಿದ್ದಲ್ಲ. ಯೌವನದಲ್ಲಿ ಕೈಹಿಡಿದ ಹೆಂಡತಿಗೂ ನಿನಗೂ ನಡುವೆ ದೇವರೇ ಸಾಕ್ಷಿಯಾಗಿದ್ದಾನೆ, ನೀನು ಆಕೆಗೆ ದ್ರೋಹ ಮಾಡಿದ್ದೀ ಎನ್ನುತ್ತಾನೆ. ಇವು ತ್ಯಜಿಸಲ್ಪಟ್ಟ ಹೆಂಡತಿಯರ ಕಣ್ಣೀರೆಂದು ಅರ್ಥ ಮಾಡುವ ಪ್ರಾಚೀನ ವ್ಯಾಖ್ಯಾನವೂ ಉಂಟು. ಕಾಣಿಕೆ ತಂದವರದೇ ಕಣ್ಣೀರೆಂದು ಓದುವುದು ಸಂದರ್ಭಕ್ಕೆ ಹೆಚ್ಚು ಒಪ್ಪುತ್ತದೆಂದು ನಾವು ಎಣಿಸುತ್ತೇವೆ. ಹಾಗೆ ಓದಿದರೆ ನಮ್ಮ ವೆಸ್ಟ್ರಿಯಲ್ಲಿ ನಡೆದ ದೃಶ್ಯವೇ ಅಲ್ಲಿದೆ. ವ್ಯತ್ಯಾಸವೆಂದರೆ, ದೇವರು ಸ್ವೀಕರಿಸದೆ ಬಿಟ್ಟದ್ದನ್ನು ನಾವು ಸ್ವೀಕರಿಸಿದೆವು.

ಹಾಗಾದರೆ ದೇವರು ನೋಡುವುದೇನನ್ನು? ಸ್ನಾನಿಕನಾದ ಯೋಹಾನನು ಮಾನಸಾಂತರಕ್ಕೆ ತಕ್ಕ ಫಲವನ್ನು ಕೇಳಿದಾಗ ಜನರು ತಾವೇನು ಮಾಡಬೇಕೆಂದು ವಿಚಾರಿಸಿದರು (ಲೂಕ 3:7–14). ಆತನ ಉತ್ತರಗಳು ಬಹಳ ಲೌಕಿಕವಾಗಿವೆ: ಎರಡು ಅಂಗಿಯುಳ್ಳವನು ಒಂದನ್ನು ಕೊಡಲಿ, ಸುಂಕದವನು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ, ಸಿಪಾಯಿಯು ಬಲಾತ್ಕಾರದಿಂದ ಕಸಿಯದಿರಲಿ. ಯಾರ ಕೈಯಲ್ಲಿ ಯಾವ ಅಧಿಕಾರವಿದೆಯೋ ಆ ಅಧಿಕಾರದ ದುರುಪಯೋಗವನ್ನೇ ಹೆಸರಿಟ್ಟು ನಿಲ್ಲಿಸುತ್ತಾನೆ. ಒಬ್ಬ ತಂದೆ ಆ ಸಾಲಿನಲ್ಲಿ ನಿಂತು "ಬೋಧಕನೇ, ನಾನೇನು ಮಾಡಬೇಕು" ಎಂದು ಕೇಳಿದ್ದರೆ ಯೋಹಾನನು ಪ್ರಾರ್ಥನಾ ಕೂಟಕ್ಕೆ ತಪ್ಪದೆ ಬಾ ಎಂದು ಮಾತ್ರ ಹೇಳಿ ಕಳುಹಿಸುತ್ತಿರಲಿಲ್ಲ.

ಪಾಲನಾಸೇವೆಯಲ್ಲಿ ಅತಿಯಾಗಿ ದುರುಪಯೋಗವಾದ ಸಾಮ್ಯವೆಂದರೆ ತಪ್ಪಿಹೋದ ಮಗನದು. ಹಿಂತಿರುಗಿ ಬಂದವನನ್ನು ಅಪ್ಪಿಕೊಳ್ಳಬೇಕೆಂದು ಹೆಂಡತಿಗೆ ಅದನ್ನು ಓದಿ ಕೇಳಿಸುತ್ತೇವೆ. ಆ ಸಾಮ್ಯದಲ್ಲಿ ಓಡಿಹೋಗಿ ಅಪ್ಪಿಕೊಂಡವನು ನಷ್ಟಪಟ್ಟ ತಂದೆಯೇ. ಅಪ್ಪಿಕೋ ಎಂದು ಅವನನ್ನು ಹಿಂದಿನಿಂದ ತಳ್ಳಿದ ಊರ ಹಿರಿಯರು ಕಥೆಯಲ್ಲಿಲ್ಲ. ಮಗನಾದರೂ ಮಗನೆನಿಸಿಕೊಳ್ಳುವ ಹಕ್ಕು ತನಗಿಲ್ಲವೆಂದು, ಕೂಲಿಯಾಳಾಗಿರಲು ಸಿದ್ಧನಾಗಿ ಬಂದನು. ನನ್ನ ಕೋಣೆ ಎಲ್ಲಿ ಎಂದು ಕೇಳುತ್ತಾ ಬರಲಿಲ್ಲ. ಮತ್ತಾಯನ ಹದಿನೆಂಟನೆಯ ಅಧ್ಯಾಯಕ್ಕೂ ಇದೇ ಗತಿಯಾಗಿದೆ. ತಪ್ಪುಮಾಡಿದ ಸಹೋದರನ ಬಳಿಗೆ ಒಂಟಿಯಾಗಿ ಹೋಗಿ ಮಾತಾಡಬೇಕೆಂಬ ಕ್ರಮವನ್ನೂ ಎಷ್ಟು ಸಲ ಕ್ಷಮಿಸಬೇಕೆಂಬ ಪೇತ್ರನ ಪ್ರಶ್ನೆಯನ್ನೂ ಆ ಅಧ್ಯಾಯದಿಂದ ಎತ್ತಿಕೊಳ್ಳುವ ನಾವು, ಅಧ್ಯಾಯವು ಆರಂಭವಾಗುವುದು ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾಗುವವನ ಕೊರಳಿಗೆ ಕಟ್ಟುವ ಬೀಸುವ ಕಲ್ಲಿನಿಂದ ಎಂಬುದನ್ನು ಮರೆಯುತ್ತೇವೆ. ಏಟು ತಿಂದವಳನ್ನು ಏಟು ಕೊಟ್ಟವನ ಬಳಿಗೆ ಒಂಟಿಯಾಗಿ ಕಳುಹಿಸುವುದು ಆ ಅಧ್ಯಾಯದ ಕ್ರಮವಾಗಲಾರದು.

ತಂದೆಯರಿಗೆ ನೇರವಾಗಿ ಹೇಳಿದ ಅಪೊಸ್ತಲಿಕ ಮಾತು ಎರಡು ಕಡೆ ಇದೆ: ಎಫೆಸ 6:4, ಕೊಲೊಸ್ಸೆ 3:21. ಮಕ್ಕಳನ್ನು ಕೆಣಕಬಾರದೆಂಬುದೇ ಎರಡರ ಸಾರ. ಆ ಕಾಲದ ರೋಮನ್ ಕಾನೂನಿನಲ್ಲಿ ಕುಟುಂಬದ ತಂದೆಗೆ ಮಕ್ಕಳ ಜೀವದ ಮೇಲೂ ಅಧಿಕಾರವಿತ್ತು. ಹುಟ್ಟಿದ ಕೂಸನ್ನು ಸಾಕಬೇಕೋ ಬಿಸಾಡಬೇಕೋ ಎಂಬುದೂ ಅವನ ಇಚ್ಛೆ. ಅಂಥ ತಂದೆಗೆ ಈ ಪತ್ರಿಕೆಗಳು ಮಿತಿಯನ್ನು ಹಾಕುತ್ತವೆ. ಕೊಲೊಸ್ಸೆಯ ಪತ್ರಿಕೆ ಕಾರಣವನ್ನೂ ಕೊಡುತ್ತದೆ: ಮಕ್ಕಳು ಎದೆಗುಂದಬಾರದು. ತಂದೆಯು ಯಾವ ಉದ್ದೇಶದಿಂದ ಮಾಡಿದನೆಂಬುದನ್ನು ಅಪೊಸ್ತಲನು ಕೇಳುವುದೇ ಇಲ್ಲ. ಮಗುವಿನ ಮನಸ್ಸಿಗೆ ಏನಾಯಿತೆಂಬುದೇ ಅಳತೆ. "ಅವರ ಒಳ್ಳೆಯದಕ್ಕೇ ಹೊಡೆದೆ" ಎನ್ನುವ ತಂದೆಗೆ ಈ ವಚನವನ್ನು ನಿಧಾನವಾಗಿ ಓದಿ ಕೇಳಿಸಬೇಕು. ಆತನು ಜ್ಞಾನೋಕ್ತಿಗಳ ಕೋಲನ್ನು ಖಂಡಿತ ಎತ್ತುವನು. ಅದು ಕುರುಬನ ಕೋಲು ಮಾತ್ರವೆಂದು ಹೇಳಿ ಜಾರಿಕೊಳ್ಳುವುದು ನಮಗೆ ಸರಿಕಾಣುವುದಿಲ್ಲ. ಅಲ್ಲಿ ಹೊಡೆಯುವ ಕೋಲೂ ಇದೆ. ಆದರೆ ಹಳೇ ಒಡಂಬಡಿಕೆಯೂ ತಂದೆಯ ಕೈಗೆ ಕಡೆಯ ಅಧಿಕಾರ ಕೊಡಲಿಲ್ಲ: ಅವಿಧೇಯನಾದ ಮಗನನ್ನು ತಂದೆತಾಯಿಗಳಿಬ್ಬರೂ ಊರಬಾಗಿಲಿನ ಹಿರಿಯರ ಮುಂದೆ ತರಬೇಕಾಗಿತ್ತು (ಧರ್ಮೋಪದೇಶಕಾಂಡ 21:18–21). ಹೊಸ ಒಡಂಬಡಿಕೆಯ ಪತ್ರಿಕೆಗಳಾದರೋ ತಂದೆಗೆ ನೇರವಾಗಿ ಮಾತಾಡುವಲ್ಲಿ ಕೋಲಿನ ಹೆಸರನ್ನೇ ಎತ್ತುವುದಿಲ್ಲ.

ಸಭಾಸೇವಕರಿಗೂ ಇಲ್ಲಿ ಒಂದು ಮಾತಿದೆ. ಸಭಾಧ್ಯಕ್ಷನು ತನ್ನ ಮನೆಯನ್ನು ಚೆನ್ನಾಗಿ ಆಳುವವನಾಗಿರಬೇಕೆಂಬ 1 ತಿಮೊಥೆ 3ರ ಮಾತನ್ನು ಎಲ್ಲರನ್ನೂ ಹಿಡಿತದಲ್ಲಿಡುವವನು ಎಂದು ಅರ್ಥಮಾಡಿದ್ದೇವೆ. ಅದೇ ಪಟ್ಟಿಯಲ್ಲಿ ಹೊಡೆದಾಡುವವನು ಅನರ್ಹನೆಂದಿದೆ. ಐದನೆಯ ವಚನದಲ್ಲಿ ದೇವರ ಸಭೆಯನ್ನು ಪರಾಮರಿಸುವುದಕ್ಕೆ ಬಳಸಿದ ಗ್ರೀಕ್ ಕ್ರಿಯಾಪದವು ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲಿಯೂ ಬರುವುದಿಲ್ಲ, ಒಂದು ಕಡೆಯ ಹೊರತು: ಗಾಯಗೊಂಡವನನ್ನು ಛತ್ರಕ್ಕೆ ಒಯ್ದು ಆರೈಕೆ ಮಾಡಿದ ಸಮಾರ್ಯದವನ ಕಥೆಯಲ್ಲಿ. ಮನೆಯಲ್ಲಿ ಕೈಮಾಡುವ ಸಭಾಹಿರಿಯನನ್ನು ಪದವಿಯಲ್ಲಿ ಮುಂದುವರಿಸುತ್ತಾ ಆತನ ಹೆಂಡತಿಗೆ ಸಾಂತ್ವನ ಹೇಳುವ ಸಭೆಯು ಈ ವಚನವನ್ನು ಹೇಗೆ ಓದುವುದೋ ತಿಳಿಯದು.

ಮಗುವಿನ ಮೂಲಕ ತೆರೆಯುವ ಬಾಗಿಲು

ಹೆಂಡತಿಯ ವಿಷಯವನ್ನು ಎತ್ತಿದರೆ ಇಂಥ ಗಂಡಸರ ಮುಖ ಬಿಗಿಯುತ್ತದೆ. ಮಗನ ಅಥವಾ ಮಗಳ ವಿಷಯವನ್ನು ಎತ್ತಿದರೆ ಅವರಲ್ಲಿ ಕೆಲವರು ಕಿವಿಗೊಡುತ್ತಾರೆ. ಈ ಅನುಭವವನ್ನು ಆಧರಿಸಿಯೇ ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್ ನಗರದಲ್ಲಿ 2001ರ ಸುಮಾರಿಗೆ "ಕೇರಿಂಗ್ ಡ್ಯಾಡ್ಸ್" ಎಂಬ ಕಾರ್ಯಕ್ರಮ ರೂಪುಗೊಂಡಿತು. ಮನಶ್ಶಾಸ್ತ್ರಜ್ಞೆ ಕತ್ರೀನಾ ಸ್ಕಾಟ್ ಅದರ ರೂವಾರಿಗಳಲ್ಲಿ ಪ್ರಮುಖರು. ಮಕ್ಕಳನ್ನೋ ಮಕ್ಕಳ ತಾಯಿಯನ್ನೋ ಹಿಂಸಿಸಿದ ತಂದೆಯರು ಹದಿನೇಳು ವಾರ ಗುಂಪಾಗಿ ಸೇರುತ್ತಾರೆ. ಮೊದಲ ವಾರಗಳಲ್ಲಿ ಅವರನ್ನು ಮಾತಿಗೆ ಎಳೆಯುವುದು, ಬದಲಾಗುವ ಮನಸ್ಸನ್ನು ಹುಟ್ಟಿಸುವುದು. ಅನಂತರ ಮಗುವಿನ ಅಗತ್ಯಗಳನ್ನು ಮಗುವಿನ ಕಡೆಯಿಂದ ನೋಡಲು ಕಲಿಸುವುದು. ಅದಾದ ಮೇಲೆ ತಾನು ಮಾಡಿದ ಹಿಂಸೆಯನ್ನು, ತಾಯಿಗೆ ಮಾಡಿದ್ದನ್ನೂ ಸೇರಿಸಿ, ಹೆಸರಿಟ್ಟು ಒಪ್ಪಿಕೊಳ್ಳುವಂತೆ ಮಾಡುವುದು. ಕೊನೆಗೆ ಮುರಿದ ನಂಬಿಕೆಯ ಮಾತು.

ಈ ಕ್ರಮದಲ್ಲಿ ನಮ್ಮ ಗಮನ ಸೆಳೆದ ಸಂಗತಿಗಳು ಎರಡು. ಮಕ್ಕಳನ್ನು ಶಿಸ್ತಿನಲ್ಲಿಡುವ ಉಪಾಯಗಳನ್ನು ಅವರು ಮೊದಲಿಗೆ ಕಲಿಸುವುದಿಲ್ಲ. ಹಿಡಿತದ ಗೀಳು ಹಿಡಿದವನಿಗೆ ಹಿಡಿತದ ಇನ್ನೊಂದು ಸಾಧನವನ್ನು ಕೊಟ್ಟಂತಾದೀತು ಎಂಬ ಎಚ್ಚರಿಕೆ. ನಮ್ಮ ಕುಟುಂಬ ಶಿಬಿರಗಳಲ್ಲಿ ನಾವು ಮಾಡುತ್ತಿರುವುದು ನೇರವಾಗಿ ಇದಕ್ಕೆ ವಿರುದ್ಧ. ಎರಡನೆಯದು, ಕಾರ್ಯಕ್ರಮ ನಡೆಸುವವರು ಮಕ್ಕಳ ತಾಯಿಯೊಂದಿಗೆ ಪ್ರತ್ಯೇಕವಾಗಿ ಸಂಪರ್ಕವಿಟ್ಟುಕೊಳ್ಳುತ್ತಾರೆ. ಗುಂಪಿನಲ್ಲಿ ಚೆನ್ನಾಗಿ ಮಾತಾಡುವವನು ಮನೆಯಲ್ಲಿ ಏನು ಮಾಡುತ್ತಿದ್ದಾನೆಂಬುದನ್ನು ಹೇಳಬಲ್ಲವಳು ಆಕೆಯೇ. ಮೇಲೆ ಹೇಳಿದ ಕೊಲೊಸ್ಸೆಯ ಅಳತೆಯನ್ನು, ಆ ವಚನವನ್ನು ಹೆಸರಿಸದೆಯೇ, ಅವರು ನಡೆಸುತ್ತಿದ್ದಾರೆ.

ತಂದೆತನದ ಬಾಗಿಲಿಗೆ ಒಂದು ಅಪಾಯವೂ ಇದೆ. "ನನ್ನ ಮಕ್ಕಳು" ಎಂಬ ಮಾತು ಪ್ರೀತಿಯದಾಗಿರುವಂತೆಯೇ ಒಡೆತನದ್ದೂ ಆಗಿರಬಹುದು. ತೌರಿಗೆ ಹೋದ ಹೆಂಡತಿಯನ್ನು ಹಿಂದಕ್ಕೆ ಎಳೆಯಲು ಮಕ್ಕಳೇ ಹಗ್ಗವಾಗುತ್ತಾರೆ. "ಅಮ್ಮ ಯಾರ ಜೊತೆ ಮಾತಾಡುತ್ತಾಳೆ" ಎಂದು ಮಗುವನ್ನು ವಿಚಾರಿಸುವುದು, ಶಾಲಾ ಶುಲ್ಕವನ್ನು ತಡೆಹಿಡಿಯುವುದು, ತಾಯಿಯೇ ಮನೆ ಮುರಿದಳೆಂದು ಮಗುವಿಗೆ ಹೇಳುವುದು, ಇವೆಲ್ಲ ಹಿಂಸೆಯ ಮುಂದುವರಿಕೆಗಳು. ತಾಯಿಯನ್ನು ಹೊಡೆಯುತ್ತಾ ಮಕ್ಕಳಿಗೆ ಒಳ್ಳೆಯ ತಂದೆಯಾಗಿರುವುದು ಸಾಧ್ಯವಿಲ್ಲವೆಂಬುದನ್ನು ಆತನು ಒಪ್ಪುವ ತನಕ ಈ ಬಾಗಿಲಿನ ಮೂಲಕ ಯಾರೂ ಒಳಗೆ ಹೋದಂತಾಗಲಿಲ್ಲ.

ಇಂಥ ಕಾರ್ಯಕ್ರಮಗಳು ಎಲ್ಲರನ್ನೂ ಬದಲಾಯಿಸುತ್ತವೆಂದು ತಿಳಿಯಬಾರದು. ಅರ್ಧದಲ್ಲಿಯೇ ಬಿಟ್ಟುಹೋಗುವವರು ಬಹಳ. ಪೂರ್ತಿ ಮುಗಿಸಿದವರಲ್ಲಿಯೂ ಕೆಲವರು ಹೊಸ ಪದಗಳನ್ನು ಕಲಿತು ಹಳೆಯ ನಡತೆಯನ್ನು ಉಳಿಸಿಕೊಳ್ಳುತ್ತಾರೆ.

ಸಭಾಪಾಲಕರು ಮಾಡಬಹುದಾದದ್ದು

ಎಲ್ಲಕ್ಕಿಂತ ಮೊದಲು ತಾಯಿಯ ಮತ್ತು ಮಕ್ಕಳ ಸುರಕ್ಷಿತತೆ. ತಂದೆಯ ಆತ್ಮದ ಆರೈಕೆ ಅದರ ನಂತರದ್ದು, ಅದಕ್ಕೆ ಅಧೀನವಾದದ್ದು. ಬಾಗಿಲು ತಟ್ಟಿದವಳಿಗೆ ಆ ರಾತ್ರಿಯೇ 181ರ ಮಹಿಳಾ ಸಹಾಯವಾಣಿ, 112, ಮಕ್ಕಳಿಗಾಗಿ 1098 ಇವುಗಳನ್ನು ತಿಳಿಸಬೇಕು. ಸಮೀಪದ ಸಾಂತ್ವನ ಕೇಂದ್ರ, ಸಖಿ ಕೇಂದ್ರ, ಸಂರಕ್ಷಣಾಧಿಕಾರಿಗಳ ವಿಳಾಸವು ಸಭಾಪಾಲಕರ ಮೇಜಿನ ಮೇಲೆ ಮೊದಲೇ ಇರಬೇಕು. ಗಂಡನೂ ಹೆಂಡತಿಯೂ ಒಟ್ಟಿಗೆ ಕುಳಿತು ನಡೆಸುವ ಸಮಾಲೋಚನೆಯನ್ನು ನಾವು ಈಗ ಮಾಡುವುದಿಲ್ಲ. ಆತನ ಎದುರಿಗೆ ಆಕೆ ಆಡಿದ ಸತ್ಯಕ್ಕೆ ಮನೆಗೆ ಹೋದ ಮೇಲೆ ಬೆಲೆ ತೆರಬೇಕಾಗುತ್ತದೆ.

ತಂದೆಯೊಂದಿಗಿನ ಮಾತುಕತೆಗೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2006ರಲ್ಲಿ ಬಂದ ನಿಯಮಗಳನ್ನು ಸೆಮಿನರಿಯ ವಿದ್ಯಾರ್ಥಿಗಳು ಓದಬೇಕೆಂದು ನಮ್ಮ ವಿನಂತಿ. ನ್ಯಾಯಾಲಯವು ನೇಮಿಸುವ ಸಮಾಲೋಚಕರಿಗಾಗಿ ಬರೆದ ಹದಿನಾಲ್ಕನೆಯ ನಿಯಮದ ಪ್ರಕಾರ, ಎದುರುದಾರನು ತನ್ನ ಹಿಂಸೆಗೆ ಸಮರ್ಥನೆ ಕೊಡಲು ಅವಕಾಶವೇ ಇಲ್ಲ; ಆ ವಿಷಯವನ್ನು ಮಾತುಕತೆ ಆರಂಭವಾಗುವ ಮೊದಲೇ ಆತನಿಗೆ ತಿಳಿಸಬೇಕು; ಮುಂದೆ ಹಿಂಸಿಸುವುದಿಲ್ಲವೆಂದು ಆತನಿಂದ ಮುಚ್ಚಳಿಕೆ ಪಡೆಯಬೇಕು. ಸರಕಾರದ ಗೆಜೆಟ್ಟಿನಲ್ಲಿ ಬಂದ ಈ ನಿಯಮವು ನಮ್ಮ ವೆಸ್ಟ್ರಿಗಿಂತ ಯೋಹಾನನ ಯೊರ್ದನಿಗೆ ಹತ್ತಿರವಾಗಿದೆ ಎಂದರೆ ನಾಚಿಕೆಪಡಬೇಕಾದವರು ನಾವೇ. ನಮ್ಮಲ್ಲಿ "ಅವಳೇನು ಮಾಡಿದಳು, ಹೇಳು" ಎಂಬಲ್ಲಿಂದಲೇ ವಿಚಾರಣೆ ಆರಂಭವಾಗುತ್ತಿತ್ತು.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವು ತಿಳಿದುಬಂದಲ್ಲಿ ಈ ಲೇಖನದ ಯಾವ ಸಲಹೆಯೂ ಸಲ್ಲದು. 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಯಾವ ವ್ಯಕ್ತಿಗಾದರೂ ಕಡ್ಡಾಯ, ಸಭಾಸೇವಕನೆಂಬ ವಿನಾಯಿತಿ ಆ ಸೆಕ್ಷನ್ನಿನಲ್ಲಿಲ್ಲ.

ಒಬ್ಬ ಸಭಾಪಾಲಕನೇ ತಂದೆಗೆ ಸಮಾಲೋಚಕನೂ ತಾಯಿಗೆ ಆಪ್ತನೂ ಆಗಲು ಹೋದರೆ ಇಬ್ಬರಿಗೂ ಉಪಯೋಗವಿಲ್ಲ. ನಾವು ನೋಡಿದಂತೆ ನಾಲ್ಕೈದು ಸಭೆಗಳು ಸೇರಿ, ತರಬೇತಿ ಪಡೆದ ಒಬ್ಬ ಪುರುಷನನ್ನೂ ಒಬ್ಬ ಸ್ತ್ರೀಯನ್ನೂ ಈ ಕೆಲಸಕ್ಕೆ ಇಡುವುದು ಸಾಧ್ಯ. ಅವರಿಬ್ಬರು ಪರಸ್ಪರ ಮಾತಾಡುವ ರೀತಿಯೇ ಆ ತಂದೆಯರಿಗೆ ಒಂದು ಪಾಠ. ಸಭಾಪಾಲಕನು ಗಂಡನ ಸಂದೇಶಗಳನ್ನು ಹೆಂಡತಿಗೆ ಹೊತ್ತೊಯ್ಯಬಾರದು, "ಬದಲಾಗಿದ್ದಾನೆ, ನಾನು ಜವಾಬ್ದಾರಿ" ಎಂಬ ಮಾತನ್ನಂತೂ ಆಡಲೇಬಾರದು. ನಾವು ಆ ಜವಾಬ್ದಾರಿಯನ್ನು ಮೂರು ಸಲ ಹೊತ್ತೆವು, ತೆತ್ತವಳು ಬೇರೆಯವಳು.

ಬದಲಾವಣೆಯ ಗುರುತುಗಳು ಸಣ್ಣವು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಹಾಳೆಯನ್ನು ಮಗು ಬಚ್ಚಿಡದೆ ಅಪ್ಪನಿಗೆ ತೋರಿಸುವುದು. ಹೆಂಡತಿ ಊಟದ ಹೊತ್ತಿನಲ್ಲಿ ಆತನ ಮಾತನ್ನು ಒಪ್ಪದೆ, ಮುಖ ನೋಡಿಕೊಳ್ಳದೆ, ತನ್ನ ಮಾತನ್ನು ಪೂರ್ತಿ ಹೇಳುವುದು. ತನ್ನ ಅಣ್ಣತಮ್ಮಂದಿರ ಮುಂದೆ, "ತಪ್ಪು ಅವಳದಲ್ಲ, ನಾನು ಹೊಡೆಯುತ್ತಿದ್ದೆ" ಎಂದು ಆತನೇ ಹೇಳುವುದು. ಆಕೆ ಬೇರೆ ಇರಲು ನಿಶ್ಚಯಿಸಿದರೆ ಆ ನಿಶ್ಚಯವನ್ನು ಒಪ್ಪಿ ಮಕ್ಕಳ ಖರ್ಚನ್ನು ತಿಂಗಳು ತಿಂಗಳಿಗೆ ಕೊಡುವುದು. ಜಕ್ಕಾಯನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದಾಗ, ಪಡೆದವರು ತನ್ನನ್ನು ಮನೆಗೆ ಕರೆಯಬೇಕೆಂಬ ಷರತ್ತು ಹಾಕಲಿಲ್ಲ.

ಬದಲಾಗದವರ ವಿಷಯದಲ್ಲಿ ಸಭೆಯು ದಾವೀದನಂತೆ ವರ್ತಿಸುತ್ತದೆ. ತಾಮಾರಳಿಗಾದುದನ್ನು ಕೇಳಿ ಅರಸನು ಬಹು ಕೋಪಗೊಂಡನು, ಆದರೆ ಏನೂ ಮಾಡಲಿಲ್ಲ (2 ಸಮುವೇಲ 13:21). ಚೊಚ್ಚಲ ಮಗನೆಂಬ ಪ್ರೀತಿಯಿಂದ ಅಮ್ನೋನನ ಮನಸ್ಸನ್ನು ನೋಯಿಸಲಿಲ್ಲವೆಂದು ಗ್ರೀಕ್ ಭಾಷಾಂತರದಲ್ಲಿ ಒಂದು ಮಾತು ಹೆಚ್ಚಿಗೆ ಇದೆ. ತಾಮಾರಳು ಅಣ್ಣನ ಮನೆಯಲ್ಲಿ ಒಬ್ಬಂಟಿಯಾಗಿ ಉಳಿದಳು. ಕಾಣಿಕೆ ಹೆಚ್ಚು ಕೊಡುವವನು, ಹಾಡುಗಾರ, ಹಳೆಯ ಮನೆತನದವನು ಎಂದು ನಾವೂ ಎಷ್ಟೋ ಅಮ್ನೋನರ ಮನಸ್ಸನ್ನು ನೋಯಿಸದೆ ಬಿಟ್ಟಿದ್ದೇವೆ.

ಮೇಲೆ ಹೇಳಿದ, ಏಳು ವಾರ ತೆಗೆದುಕೊಂಡ ಸಹೋದರನ ವಿಷಯವನ್ನು ಹೇಳಿ ಮುಗಿಸುತ್ತೇವೆ. ಆತನು ನಮ್ಮ ಬಳಿಗೆ ಬರಲಾರಂಭಿಸಿ ಎರಡು ವರ್ಷವಾಗುತ್ತಾ ಬಂತು. ಹೆಂಡತಿ ತೌರೂರಿನಲ್ಲಿ ಹೊಲಿಗೆ ಕೆಲಸ ಮಾಡಿಕೊಂಡು ಮಗನೊಂದಿಗೆ ಬೇರೆ ಮನೆಯಲ್ಲಿದ್ದಾಳೆ. ತಿಂಗಳಲ್ಲಿ ಎರಡು ಶನಿವಾರ, ಹುಡುಗನ ಸೋದರಮಾವನು ಹತ್ತಿರವಿರುವಾಗ, ತಂದೆಯು ಮಗನನ್ನು ಕಾಣುತ್ತಾನೆ. ಮೊದಲ ಕೆಲವು ತಿಂಗಳು ಹುಡುಗನು ಮಾವನ ಪಕ್ಕದಿಂದ ಏಳುತ್ತಿರಲಿಲ್ಲವಂತೆ. ಈಗ ಇಬ್ಬರೂ ಕೇರಂ ಆಡುತ್ತಾರೆ. ಕಳೆದ ತಿಂಗಳು ಮಗನು ಗೆದ್ದು ಜೋರಾಗಿ ಕೂಗಿದನೆಂದೂ, ಕೂಗಿದ ಮೇಲೆ ತನ್ನ ಮುಖವನ್ನು ಒಮ್ಮೆ ನೋಡಿದನೆಂದೂ ಆತನೇ ನಮಗೆ ಹೇಳಿದನು. ಪ್ರತಿ ಸಲವೂ ಹೊರಡುವಾಗ, "ಅಯ್ಯನವರೇ, ಅವಳಿಗೆ ನೀವೊಂದು ಮಾತು ಹೇಳಿದರೆ..." ಎಂದು ಕೇಳುತ್ತಾನೆ. ನಾವು ಆಗುವುದಿಲ್ಲ ಎನ್ನುತ್ತೇವೆ. ಮುಂದಿನ ಬುಧವಾರ ಮತ್ತೆ ಬರುತ್ತಾನೆ.